ನೈಸ್ ಅಂದ್ರೆ ದಡ್ಡ ಅಂತೆ, ಹೌದಾ?

ಹೋದ ಸಂಚಿಕೆಲಿ ಇನ್ಯಾವುದೋ ಪ್ರಶ್ನೆಗೆ ಉತ್ತರ ಬರೀತಾ ಮಧ್ಯೆ ಒಂದು ಮಾತು ಹಾಕ್ಬಿಟ್ಟಿದ್ದೆ, ಇಂಗ್ಲಿಷಿನ ನೈಸ್ ಅನ್ನೋ ಪದಕ್ಕೆ ಒಂದು ಕಾಲದಲ್ಲಿ ದಡ್ಡ ಅಂತ ಅರ್ಥ ಇತ್ತು ಅಂತ. ಅಷ್ಟೇ, ಒಂದೇ ಸಾಲು. ಅದಕ್ಕೆ ಬಂದಿರೋ ಕಾಗದ, ವಾಟ್ಸಾಪ್ ಮೆಸೇಜು ನೋಡಿದ್ರೆ ಇಡೀ ಅಂಕಣಾನೇ ಅದಕ್ಕೆ ಬಿಟ್ಟುಕೊಡಬೇಕು ಅನ್ನಿಸ್ತು. ಕೆಲವರು ನಂಬಿಲ್ಲ, ಒಬ್ಬರು ಸಣ್ಣಗೆ ಬೈದಿದಾರೆ, ಇನ್ನೊಬ್ಬರ ಮನೇಲಿ ಮಾತೇ ನಿಂತುಹೋಗಿದೆಯಂತೆ. ಸರಿ, ಈ ಸಲ ಬರೀ ನೈಸ್.

ಪ್ರಶ್ನೆ: ಮೇಡಂ, ನನ್ನ ಮಗಳು ಒಂಬತ್ತನೇ ಕ್ಲಾಸು. ನಿಮ್ಮ ಅಂಕಣ ಓದಿದಾಗಿಂದ ಕ್ಲಾಸಲ್ಲಿ ಎಲ್ಲರಿಗೂ "ಯೂ ಆರ್ ವೆರಿ ನೈಸ್" ಅಂದ್ಕೊಂಡು ಒಳಗೊಳಗೇ ನಗ್ತಾ ಓಡಾಡ್ತಿದಾಳೆ. ಇದು ನಿಜಾನಾ? ನಿಜ ಆದ್ರೆ ದಡ್ಡ ಅನ್ನೋ ಪದ ಒಳ್ಳೇದು ಅನ್ನೋ ಅರ್ಥಕ್ಕೆ ಬಂದಿದ್ದಾದ್ರೂ ಹೇಗೆ? (ತುಮಕೂರಿನ ಓದುಗರು)

ಉತ್ತರ: ನಿಜ. ಮಗಳಿಗೆ ಶಹಬ್ಬಾಸ್ ಹೇಳಿ, ಆದ್ರೆ ಟೀಚರಿಗೆ ಮಾತ್ರ ಹಾಗೆ ಅನ್ನಬೇಡ ಅಂತಾನೂ ಹೇಳಿ.

ಲ್ಯಾಟಿನ್ ಭಾಷೇಲಿ ಸ್ಕೀರೆ ಅಂದ್ರೆ ತಿಳಿಯೋದು. ಅದರ ಮುಂದೆ ಇಲ್ಲ ಅನ್ನೋ ಅರ್ಥದ ನೆ ಸೇರಿಸಿದ್ರೆ ನೆಸ್ಕೀರೆ, ತಿಳಿಯದೆ ಇರೋದು, ಅದರಿಂದ ನೆಸ್ಕಿಯುಸ್, ಅಂದ್ರೆ ಏನೂ ತಿಳೀದವನು. ನಮ್ಮ ಅಜ್ಞ ಇದ್ಯಲ್ಲ, ಜ್ಞ ಮುಂದೆ ಒಂದು ಅ, ಅದೇ ಕಟ್ಟು. ತಮಾಷೆ ಏನಂದ್ರೆ ಅದೇ ಸ್ಕೀರೆಯಿಂದಾನೇ ಸೈನ್ಸ್ ಅನ್ನೋ ಪದಾನೂ ಬಂದಿರೋದು, ಕಾನ್ಶಿಯಸ್ಸೂ ಅಲ್ಲಿಂದಾನೇ. ಹಾಗಾಗಿ ಸೈನ್ಸಿಗೂ ನೈಸಿಗೂ ಅಜ್ಜಿ ಒಬ್ಬಳೇ, ಒಬ್ಬ ಮೊಮ್ಮಗ ಓದಿ ಮುಂದೆ ಬಂದ, ಇನ್ನೊಬ್ಬ ಏನೂ ಓದದೇನೇ ಎಲ್ಲರ ಕೈಲೂ ಒಳ್ಳೆಯವನು ಅನ್ನಿಸಿಕೊಂಡ.

ಲ್ಯಾಟಿನ್ನಿಂದ ಹಳೇ ಫ್ರೆಂಚಿಗೆ ಬಂದಾಗ ಈ ಪದ ಸವೆದು ಸವೆದು ನೀಸ್ ಅಂತ ಆಗಿತ್ತು, ಅರ್ಥ ಮಾತ್ರ ಅದೇ, ಪೆದ್ದ, ಕೈಲಾಗದವನು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದಮೇಲೆ ಫ್ರೆಂಚ್ ಪದಗಳು ಮೂಟೆಗಟ್ಟಲೆ ಇಂಗ್ಲಿಷಿಗೆ ಇಳಿದವಲ್ಲ, ಅದೇ ದಾರೀಲಿ ಇದೂ ಬಂತು, 1300ರ ಸುಮಾರಿಗೆ ಇಂಗ್ಲಿಷ್ ಬರಹದಲ್ಲಿ ಕಾಣಿಸ್ಕೊಳ್ಳತ್ತೆ. 14ನೇ ಶತಮಾನದ ಕವಿ ಚಾಸರ್ ಕೈಲಿ ವೈಸ್ ಮತ್ತು ನೈಸ್ ಎರಡೂ ಎದುರುಬದುರು ಪದಗಳು, ಒಂದು ಜಾಣತನಕ್ಕೆ, ಇನ್ನೊಂದು ಪೆದ್ದುತನಕ್ಕೆ.

ಅಲ್ಲಿಂದ ಹೇಗೆ ಮೇಲೆ ಹತ್ತಿತು ಅಂದ್ರೆ ಒಂದೇ ಏಟಿಗೆ ಅಲ್ಲ, ಮೆಟ್ಟಲು ಮೆಟ್ಟಲಾಗಿ. ಬುದ್ಧಿ ಇಲ್ಲದವನು ಅಂದ್ರೆ ಹುಡುಗಾಟದವನು, ಶೋಕಿ ಮಾಡೋನು. ಶೋಕಿ ಮಾಡೋನಿಗೆ ಬಟ್ಟೆ ಹೀಗೇ ಇರ್ಬೇಕು ಊಟ ಹಾಗೇ ಇರ್ಬೇಕು ಅಂತ ತಕರಾರು ಜಾಸ್ತಿ, ಹಾಗಾಗಿ ತಕರಾರಿನವನು, ಸುಲಭಕ್ಕೆ ಒಪ್ಪದವನು ಅನ್ನೋ ಅರ್ಥ ಬಂತು. ಸುಲಭಕ್ಕೆ ಒಪ್ಪದವನ ಕಣ್ಣಿಗೆ ಸಣ್ಣ ಸಣ್ಣ ವ್ಯತ್ಯಾಸಾನೂ ಕಾಣತ್ತೆ, ಹಾಗಾಗಿ ಸೂಕ್ಷ್ಮ, ನಿಖರ ಅನ್ನೋ ಅರ್ಥ. ಸೂಕ್ಷ್ಮ ಆದಮೇಲೆ ನಾಜೂಕು, ಅಚ್ಚುಕಟ್ಟು, ಅಚ್ಚುಕಟ್ಟಾಗಿರೋದು ಕಂಡ್ರೆ ಯಾರಿಗಾದ್ರೂ ಇಷ್ಟಾನೇ, ಹಾಗಾಗಿ 18ನೇ ಶತಮಾನದಲ್ಲಿ ಹಿತವಾದದ್ದು, ಚೆನ್ನಾಗಿರೋದು ಅನ್ನೋ ಅರ್ಥ ನೆಲೆ ನಿಂತುಬಿಡ್ತು. ಒಬ್ಬ ಮನುಷ್ಯನ್ನ ನೈಸ್ ಅಂದ್ರೆ ಮೃದು ಮನಸ್ಸಿನವನು ಅಂತ ತಗೊಳ್ಳೋದು ಎಲ್ಲಕ್ಕಿಂತ ಈಚಿನದು, 19ನೇ ಶತಮಾನದ್ದು. ಬಿಡಿಸಿ ಹೇಳಿದ್ರೆ ಒಂದು ಮೆಟ್ಟಲಿಂದ ಇನ್ನೊಂದಕ್ಕೆ ದೂರ ಏನಿಲ್ಲ, ಕೆಳಗಿನ ಮೆಟ್ಟಲೂ ಮೇಲಿನ ಮೆಟ್ಟಲೂ ಮಾತ್ರ ಒಂದಕ್ಕೊಂದು ಗುರುತೇ ಇಲ್ಲ.

ಇದು ಗೊತ್ತಿಲ್ಲದೆ ಹಳೇ ಇಂಗ್ಲಿಷ್ ಓದಿದ್ರೆ ಕಾಲು ಜಾರತ್ತೆ. ರೋಮಿಯೋ ಜೂಲಿಯೆಟ್ ನಾಟಕದ ಕೊನೇಲಿ ಪಾದ್ರಿ ಬರೆದ ಕಾಗದ ರೋಮಿಯೋಗೆ ತಲುಪಲ್ಲ, ಪ್ಲೇಗಿನ ಭಯಕ್ಕೆ ಕಾಗದ ಒಯ್ಯೋನನ್ನ ಮನೆಯೊಳಗೇ ಕೂಡಿಹಾಕಿರ್ತಾರೆ. ಆಗ ಪಾದ್ರಿ ಗಾಬರಿಯಾಗಿ ಆ ಕಾಗದ ನೈಸ್ ಅಲ್ಲ ಅಂತಾನೆ. ನಾನು ಪಾಠ ಮಾಡುವಾಗ ಪ್ರತಿ ವರ್ಷ ಯಾರಾದ್ರೂ ಒಬ್ಬರು "ಕಾಗದ ಚೆನ್ನಾಗಿರಲಿಲ್ಲ" ಅಂತ ಬರೀತಿದ್ರು. ಅವನು ಹೇಳ್ತಿರೋದು ಅದು ಕ್ಷುಲ್ಲಕ ಕಾಗದ ಅಲ್ಲ, ತುಂಬ ಮುಖ್ಯವಾದದ್ದಿತ್ತು ಅಂತ. ಹಾಗೇ ಇನ್ನೊಂದು. 1815ರ ವಾಟರ್ಲೂ ಯುದ್ಧ ಗೆದ್ದ ಮಾರನೇ ದಿನ ಡ್ಯೂಕ್ ಆಫ್ ವೆಲಿಂಗ್ಟನ್, ಇದೇ ಮನುಷ್ಯ 1799ರಲ್ಲಿ ಟಿಪ್ಪು ಬಿದ್ದಮೇಲೆ ನಮ್ಮ ಶ್ರೀರಂಗಪಟ್ಟಣದ ಉಸ್ತುವಾರಿ ನೋಡ್ಕೊಂಡು ದರಿಯಾ ದೌಲತ್ತಿನಲ್ಲಿ ಇದ್ದೋನು, ಆಗಿನ್ನೂ ಬರೀ ಕರ್ನಲ್ ವೆಲ್ಲೆಸ್ಲಿ, ಅವನು ಆ ಯುದ್ಧದ ಬಗ್ಗೆ ಹೇಳಿದ ಮಾತಲ್ಲಿ ನೈಸ್ ಥಿಂಗ್ ಅಂತ ಬರತ್ತೆ. ಸಾವಿರಾರು ಜನ ಸತ್ತಿದಾರೆ, ಇವನಿಗೆ ನೈಸ್ ಅಂತೆ ಅಂತ ಕೋಪ ಬರಬಹುದು. ಅವನ ಬಾಯಲ್ಲಿ ಅದು ಕೂದಲೆಳೆ ಅಂತರದ್ದು, ಅತ್ತಲೋ ಇತ್ತಲೋ ಅನ್ನೋ ಹಾಗಿತ್ತು ಅನ್ನೋ ಅರ್ಥ.

ಇನ್ನು ಈಗಿನ ಅರ್ಥ ಚಾಲ್ತಿಗೆ ಬರ್ತಿದ್ದಾಗಲೇ ಅದನ್ನ ಗೇಲಿ ಮಾಡಿದವರೂ ಇದ್ರು. ಜೇನ್ ಆಸ್ಟಿನ್ ಬರೆದ ನಾರ್ಥ್ಯಾಂಗರ್ ಅಬ್ಬಿ, ಆಕೆ ತೀರಿಕೊಂಡಮೇಲೆ 1817ರ ಕೊನೇಲಿ ಹೊರಗೆ ಬಂದ ಕಾದಂಬರಿ, ಅದರಲ್ಲಿ ಕ್ಯಾಥರೀನ್ ಅನ್ನೋ ಹುಡುಗಿ ತಾನು ಓದ್ತಿರೋ ಪುಸ್ತಕ ಪ್ರಪಂಚದಲ್ಲೇ ಎಲ್ಲಕ್ಕಿಂತ ನೈಸ್ ಅಲ್ವಾ ಅಂತ ಕೇಳ್ತಾಳೆ. ಹೆನ್ರಿ ಅನ್ನೋ ತರಲೆ, ನೈಸ್ ಅಂದ್ರೆ ಅಚ್ಚುಕಟ್ಟು ಅಂತ ತಾನೇ, ಹಾಗಾದ್ರೆ ಅದು ಬೈಂಡಿಂಗ್ ಮೇಲೆ ಹೋಗತ್ತೆ ಅಂತಾನೆ. ಆಮೇಲೆ ಈ ದಿನಾನೂ ನೈಸು, ನಾವು ನಡೀತಿರೋ ವಾಕಿಂಗೂ ನೈಸು, ನೀವಿಬ್ಬರು ಹುಡುಗೀರೂ ನೈಸು, ಎಲ್ಲದಕ್ಕೂ ಆಗತ್ತೆ ಈ ಪದ ಅಂತ ಚುಡಾಯಿಸ್ತಾನೆ. 200 ವರ್ಷದ ಹಿಂದೇನೇ ಈ ಪದ ಎಲ್ಲ ಸಾರಿಗೂ ಹಾಕೋ ಉಪ್ಪಾಗಿತ್ತು ಅಂದ್ಹಾಗಾಯ್ತು.

ಒಂದು ಪದ ಹೀಗೆ ಮೇಲೆ ಹತ್ತುವಾಗ ಇನ್ನೊಂದು ಜಾರಿ ಕೆಳಗೆ ಬರತ್ತೆ. ಸಿಲ್ಲಿ ಅನ್ನೋದು ನೋಡಿ, ಹಳೇ ಇಂಗ್ಲಿಷಲ್ಲಿ ಅದರ ಮೂಲ ರೂಪಕ್ಕೆ ಪುಣ್ಯವಂತ, ದೇವರ ಕೃಪೆ ಇರೋನು ಅಂತ ಅರ್ಥ, ಜರ್ಮನ್ನಲ್ಲಿ ಇವತ್ತಿಗೂ ಅದರ ಅಣ್ಣತಮ್ಮ ಜೇಲಿಷ್ ಅನ್ನೋ ಪದ ಧನ್ಯ ಅನ್ನೋ ಅರ್ಥದಲ್ಲೇ ಇದೆ. ಇಂಗ್ಲಿಷಲ್ಲಿ ಮಾತ್ರ ಪುಣ್ಯವಂತ, ಮುಗ್ಧ, ಅಯ್ಯೋ ಪಾಪ ಅನ್ನೋ ಹಾಗಿರೋನು, ಕೊನೆಗೆ ಪೆದ್ದ. ನೈಸ್ ಹತ್ತಿದ ಏಣೀಲೇ ಸಿಲ್ಲಿ ಇಳಿದಿದೆ. ನಮ್ಮಲ್ಲೂ ಇಂಥವು ಬೇಕಾದಷ್ಟಿವೆ. ಮುಗ್ಧ ಅನ್ನೋದರ ಸಂಸ್ಕೃತ ಮೂಲ ಹುಡುಕಿದ್ರೆ ಭ್ರಮೆಗೆ ಬಿದ್ದವನು, ಬುದ್ಧಿ ಮಂಕಾದವನು ಅಂತ ಸಿಗತ್ತೆ, ಮೋಹ, ಮೂಢ ಎಲ್ಲ ಅದೇ ಧಾತುವಿನ ಮಕ್ಕಳು. ಮೂಢ ಅಂದ್ರೆ ಹೊಡೆಯೋಕ್ಕೆ ಬರ್ತಾರೆ, ಮುಗ್ಧ ಅಂದ್ರೆ ಮುದ್ದು ಮಾಡ್ತಾರೆ. ವಾಸನೆ ಉಲ್ಟಾ, ಅದಕ್ಕೆ ಒಳ್ಳೇದು ಕೆಟ್ಟದ್ದು ಅಂತ ಭೇದ ಇರಲಿಲ್ಲ, ಈಗ "ಏನೋ ವಾಸನೆ" ಅಂದ ತಕ್ಷಣ ಎಲ್ಲರೂ ಮೂಗು ಮುಚ್ಕೊಂಡು ಚಪ್ಪಲಿ ತಿರುಗಿಸಿ ನೋಡ್ಕೋತಾರೆ. ಪಾಪ ಅನ್ನೋದಂತೂ ಕೇಳಲೇಬೇಡಿ, ಮಂಗಳೂರು ಕಡೆ ಪಾಪದವ ಅಂದ್ರೆ ಪಾಪ ಮಾಡಿದವನಲ್ಲ, ಯಾರ ತಂಟೆಗೂ ಹೋಗದ ಬಡಪಾಯಿ.

ಪ್ರಶ್ನೆ: ಬಿಸ್ಕೆಟಿನ ಮೇಲೆ ನೈಸ್ ಅಂತ ಅಚ್ಚು ಹಾಕಿರ್ತಾರಲ್ಲ, ಅದನ್ನ ನೈಸ್ ಅನ್ಬೇಕಾ ನೀಸ್ ಅನ್ಬೇಕಾ? ನಮ್ಮನೇಲಿ ಮೊಮ್ಮಗ ನನ್ನನ್ನ ತಿದ್ದುತ್ತಾನೆ. (ಮಂಗಳೂರಿನ ಹಿರಿಯರು)

ಉತ್ತರ: ಮೊಮ್ಮಗ ಹೇಳ್ತಿರೋದು ಫ್ರಾನ್ಸಿನ ದಕ್ಷಿಣದ ಕಡಲತೀರದ ಊರಿನ ಹೆಸರು, ಅದಕ್ಕೆ ನೀಸ್ ಅಂತಾನೇ ಅನ್ನಬೇಕು. ಇಂಗ್ಲಿಷಲ್ಲಿ ಬರೆದ್ರೆ ಎರಡಕ್ಕೂ ಅಕ್ಷರ ಒಂದೇ, ಸಂಬಂಧ ಮಾತ್ರ ಏನೂ ಇಲ್ಲ. ಊರು ಗ್ರೀಕರು ಕಟ್ಟಿದ್ದು, ಅವರ ವಿಜಯದೇವತೆ ನೀಕೆ, ಅವಳ ಹೆಸರಲ್ಲಿ ನೀಕಾಯಾ, ಅದು ಸವೆದು ನೀಸ್. ಶೂ ಕಂಪನಿ ನೈಕಿ ಇದ್ಯಲ್ಲ, ಅದೂ ಅದೇ ದೇವಿಯ ಹೆಸರೇ. ಮೇಲೆ ಸಕ್ಕರೆ ಉದುರಿಸಿರೋ, ತೆಂಗಿನಕಾಯಿ ಘಮದ ಆ ಬಿಸ್ಕೆಟಿಗೆ ಹೆಸರು ಆ ಊರಿಂದ ಬಂತು ಅಂತ ಹೇಳೋರು ನೀಸ್ ಅಂತಾರೆ, ಮಿಕ್ಕವರು ನೈಸ್ ಅಂತಾರೆ, ಇಂಗ್ಲೆಂಡಲ್ಲೇ ಇದರ ಬಗ್ಗೆ ಜಗಳ ಮುಗಿದಿಲ್ಲ. ನಮ್ಮ ಅಂಗಡೀಲಿ ನೈಸ್ ಟೈಮ್ ಅಂತಾನೇ ಕೇಳಿ ತಗೋತೀವಿ, ನೀಸ್ ಟೈಮ್ ಕೊಡಪ್ಪ ಅಂದ್ರೆ ಅಂಗಡಿಯವನು ಸ್ಟಾಕಿಲ್ಲ ಅಂತಾನೆ. ನೀವು ನಿಮ್ಮ ಪಾಡಿಗೆ ಟೀಲಿ ಅದ್ದಿಕೊಂಡು ತಿನ್ನಿ.

ಪ್ರಶ್ನೆ: ನನ್ನ ಸೊಸೆ ನಾಗಪುರದಲ್ಲಿ ಬೆಳೆದವಳು, ಕನ್ನಡ ಈಗೀಗ ಕಲೀತಿದಾಳೆ. ಮೊನ್ನೆ ನೆಂಟರೆಲ್ಲ ಬಂದಿದ್ದಾಗ "ಅತ್ತೆ ಎಲ್ಲರ ಹತ್ರಾನೂ ತುಂಬ ನೈಸಾಗಿ ಮಾತಾಡ್ತಾರೆ, ಅವರು ಬಾಳ ನೈಸು" ಅಂದ್ಬಿಟ್ಲು. ನಮ್ಮ ನಾದಿನಿ ಮುಸಿಮುಸಿ ನಕ್ಳು. ಎರಡು ದಿನ ನಾನು ಸೊಸೆ ಹತ್ರ ಮಾತಾಡಲಿಲ್ಲ. ಅವಳು ಇಂಗ್ಲಿಷ್ ಅರ್ಥದಲ್ಲಿ ಹೇಳಿದ್ದು ಅಂತ ಮಗ ಅಂತಾನೆ. ಪದ ಇಂಗ್ಲಿಷಿಂದೇ ತಾನೇ, ಅರ್ಥ ಯಾಕೆ ಬೇರೆ? (ದಾವಣಗೆರೆಯ ಓದುಗರು)

ಉತ್ತರ: ಅಮ್ಮಾ, ಮೊದಲು ಅವಳ ಹತ್ರ ಮಾತಾಡಿ, ಆಮೇಲೆ ಇದನ್ನ ಓದಿ. ಮಗ ಹೇಳಿದ್ದು ಸರಿ. ನಿಮಗೆ ಬೇಜಾರಾಗಿದ್ದೂ ಸರೀನೇ, ಯಾಕಂದ್ರೆ ಕನ್ನಡದ ನೈಸ್ ಬೇರೇನೇ ಒಂದು ಪದ ಆಗಿಬಿಟ್ಟಿದೆ.

ನಾನು ಈ ಪದ ಮೊದಲು ಕಲ್ತಿದ್ದು ಇಂಗ್ಲಿಷ್ ಪುಸ್ತಕದಲ್ಲಿ ಅಲ್ಲ, ಹಿಟ್ಟಿನ ಗಿರಣೀಲಿ. ಅಮ್ಮ ಎರಡು ಡಬ್ಬ ಕೊಟ್ಟು "ದೊಡ್ಡದು ಚಕ್ಕುಲಿಗೆ, ನೈಸಾಗಿ ಬೀಸ್ಲಿ, ಚಿಕ್ಕದು ತರಿ" ಅಂತ ಹೇಳಿ ಕಳಿಸೋರು, ದಾರಿಯುದ್ದಕ್ಕೂ ದೊಡ್ಡದು ನೈಸು ಚಿಕ್ಕದು ತರಿ, ದೊಡ್ಡದು ನೈಸು ಚಿಕ್ಕದು ತರಿ ಅಂತ ಮಣಮಣ ಅಂದ್ಕೊಂಡು ಹೋಗ್ತಿದ್ದೆ, ಎಮ್ಮೆ ಅಡ್ಡ ಬಂದ್ರೆ ಮರೆತುಹೋಗೋದು. ಗಿರಣಿಯವರ ಹುಬ್ಬು, ರೆಪ್ಪೆ, ಕಿವಿ ಮೇಲಿನ ಕೂದಲೆಲ್ಲ ಹಿಟ್ಟಿನ ಧೂಳಿಗೆ ಬೆಳ್ಳಗೆ. ಬೆಲ್ಟು ಪಟಪಟ ಅಂತಿರೋದು, ಅವರು ಕೆಳಗೆ ಬೀಳ್ತಿರೋ ಬಿಸಿ ಹಿಟ್ಟಿಗೆ ಕೈಯೊಡ್ಡಿ ಒಂದು ಚಿಟಿಕೆ ತಗೊಂಡು ಹೆಬ್ಬೆರಳು ತೋರುಬೆರಳ ಮಧ್ಯೆ ಉಜ್ಜಿ ನೋಡೋರು, ತರಿ ಸಿಕ್ಕಿದ್ರೆ ಚಕ್ರ ಒಂಚೂರು ಬಿಗಿ ಮಾಡೋರು, ಮತ್ತೆ ಉಜ್ಜಿ "ಹಾಂ, ನೈಸ್ ಬಂತು" ಅನ್ನೋರು. ಅವರಿಗೆ ಇಂಗ್ಲಿಷಿನ ಎ ಬಿ ಸಿ ಡಿ ಬರ್ತಿರಲಿಲ್ಲ. ನೈಸ್ ಅವರ ಕಸುಬಿನ ಪದ, ಬೆರಳ ತುದೀಲಿ ಗೊತ್ತಾಗೋ ಪದ. ಒಂದಿನ ನಾನು ಸರದಿ ತಪ್ಪಿಸಿ ನನ್ನ ಡಬ್ಬ ಮುಂದಕ್ಕೆ ಜರುಗಿಸಿದ್ದು ಕಂಡುಹಿಡಿದು "ಈ ಹುಡುಗಿ ಬಲೇ ನೈಸು ಕಣ್ರೀ, ಸದ್ದೇ ಆಗ್ದಂಗೆ ಮುಂದೆ ಬಂದವ್ಳೆ" ಅಂದ್ರು, ಸಾಲಲ್ಲಿ ನಿಂತಿದ್ದವರೆಲ್ಲ ನಕ್ರು. ಒಂದೇ ಬಾಯಲ್ಲಿ ಹತ್ತು ನಿಮಿಷದಲ್ಲಿ ಎರಡು ನೈಸು.

ಕನ್ನಡದ ನೈಸ್ ಅಂದ್ರೆ ಅಷ್ಟೇ. ಒಂದು, ನುಣ್ಣಗೆ. ಹಿಟ್ಟು ನೈಸಾಗಿರಬೇಕು, ದೋಸೆಗೆ ನೈಸಾಗಿ ರುಬ್ಬಬೇಕು, ಸೀರೆ ತುಂಬ ನೈಸು ಅದಕ್ಕೇ ನೆರಿಗೆ ನಿಲ್ಲಲ್ಲ, ಮೊಸಾಯಿಕ್ ನೆಲ ಮಳೇಲಿ ನೈಸಾಗಿರತ್ತೆ ಹುಷಾರು. ಎರಡು, ನುಣ್ಣಗಿರೋದು ಜಾರತ್ತಲ್ಲ, ಅದರಿಂದ ಬಂದಿದ್ದು. ಬಿಲ್ ಬರೋ ಹೊತ್ತಿಗೆ ನೈಸಾಗಿ ಜಾರಿಕೊಂಡ, ಅಪ್ಪಂಗೆ ನೈಸ್ ಮಾಡಿ ಬೈಕ್ ಕೊಡಿಸ್ಕೊಂಡ. ಇಲ್ಲಿ ಒಳ್ಳೆಯವನು ಅನ್ನೋ ಅರ್ಥದ ವಾಸನೇನೂ ಇಲ್ಲ, ಇರೋದೆಲ್ಲ ಸದ್ದಿಲ್ಲದ ಜಾಣತನ. ನಿಮ್ಮ ನಾದಿನಿಗೆ ಕೇಳಿಸಿದ್ದು ಇದು.

ಇದು ಹೀಗೆ ಯಾಕಾಯ್ತು ಅನ್ನೋದಕ್ಕೆ ನನ್ನದೊಂದು ಲೆಕ್ಕಾಚಾರ ಇದೆ, ಒಪ್ಪೋದು ಬಿಡೋದು ನಿಮಗೆ ಬಿಟ್ಟಿದ್ದು. ನೈಸ್ ಕನ್ನಡಕ್ಕೆ ಬಂದಾಗ ಇಲ್ಲಿ ಖಾಲಿ ಜಾಗ ಇರಲಿಲ್ಲ, ಆಗಲೇ ನಯ ಅಂತ ಒಂದು ಪದ ಮನೆ ಮಾಡಿತ್ತು, ಕಿವಿಗೂ ಹತ್ತಿರದ್ದು. ನಯ ಅಂದ್ರೆ ಏನೇನು ನೋಡಿ. ಕಲ್ಲು ನಯವಾಗಿದೆ ಅಂದ್ರೆ ನುಣುಪು. ನಯವಾಗಿ ಮಾತಾಡಿದ ಅಂದ್ರೆ ಮೃದುವಾಗಿ. ನಯವಂಚಕ ಅಂದ್ರೆ ನಗುನಗುತ್ತಾ ಕುತ್ತಿಗೆ ಕೊಯ್ಯೋನು. ನುಣುಪು, ಮೃದು ಮಾತು, ಜಾರಿಕೊಳ್ಳೋ ಜಾಣತನ, ಮೂರೂ ನಯದಲ್ಲೇ ಇದ್ವು. ಹೊಸದಾಗಿ ಬಂದ ನೈಸ್ ಅದರ ಹಾಸಿಗೇಲಿ ಮಲಗಿ ಅದರ ಗುಣಾನೇ ಕಲೀತು, ಇಂಗ್ಲಿಷ್ ಗುಣ ಹೊಸಿಲಾಚೆನೇ ಬಿಟ್ಟುಬಂತು. ಪಕ್ಕದ ತಮಿಳರೂ ನೈಸಾ ಅಂತ ಇದೇ ಅರ್ಥಕ್ಕೆ ಬಳಸ್ತಾರೆ, ಅವರಲ್ಲೂ ನಯಂ ಇದೆ. ನಾಜೂಕು ಅನ್ನೋ ಪಾರ್ಸಿ ಪದದ ಕಥೇನೂ ಇದೇ ಥರ, ಅಲ್ಲಿಂದ ಬರುವಾಗ ಬರೀ ಕೋಮಲ ಅನ್ನೋ ಅರ್ಥ ಹೊತ್ಕೊಂಡು ಬಂತು, ಇಲ್ಲಿ ನಾವು ನಾಜೂಕಯ್ಯನ್ನ ಹುಟ್ಟಿಸಿದ್ವಿ, ಅವನೆಂಥೋನು ಅಂತ ನಿಮಗೇ ಗೊತ್ತು.

ಹಾಗಾಗಿ ಸೊಸೇದು ತಪ್ಪು ಅಂತ ನಾನು ಹೇಳಲ್ಲ, ಅವಳು ಆಡಿದ್ದು ಇಂಗ್ಲಿಷ್ ಪದ, ನೀವೆಲ್ಲ ಕೇಳಿಸ್ಕೊಂಡಿದ್ದು ಕನ್ನಡ ಪದ. ಅವಳಿಗೆ ಕಲಿಸಬೇಕಾದ್ದು ಒಂದೇ, ಮನುಷ್ಯರನ್ನ ಹೊಗಳುವಾಗ ನಮ್ಮಲ್ಲಿ ಒಳ್ಳೆಯವರು ಅಂತಾರೆ, ನೈಸು ಅನ್ನೋದು ಹಿಟ್ಟಿಗೆ. ಇನ್ನು ನಾದಿನಿ ನಕ್ಕಿದ್ದಕ್ಕೆ ನನ್ನ ಹತ್ರ ಔಷಧಿ ಇಲ್ಲ.

ಪ್ರಶ್ನೆ: ನಾನು ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡ್ತೀನಿ. ಮಕ್ಕಳು ಪ್ರತಿ ಸಾಲಿಗೂ ನೈಸ್ ಹಾಕ್ತಾರೆ. ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ಒಂದಿಷ್ಟು ಹೇಳಿ, ಕ್ಲಾಸಲ್ಲಿ ಓದಿ ಹೇಳ್ತೀನಿ. (ಹುಬ್ಬಳ್ಳಿಯ ಶಿಕ್ಷಕರು)

ಉತ್ತರ: ಸರ್, ನಿಮ್ಮ ಕಷ್ಟ ನನಗೆ ಗೊತ್ತು, ಉತ್ತರಪತ್ರಿಕೆ ತಿದ್ದಿ ತಿದ್ದಿ ನಾನೂ ಕೆಂಪು ಪೆನ್ನು ಎಷ್ಟು ಖಾಲಿ ಮಾಡಿದೀನೋ.

ಎಲ್ಲಕ್ಕಿಂತ ಜಾಸ್ತಿ ಆಗೋ ತಪ್ಪು ನೈಸ್ ಮತ್ತು ನೈಸ್‌ಲಿ. "ಶೀ ಸಿಂಗ್ಸ್ ನೈಸ್" ಅಂತ ಬರೀತಾರೆ, ಅಲ್ಲಿ ನೈಸ್‌ಲಿ ಬೇಕು, ಯಾಕಂದ್ರೆ ಹಾಡೋ ರೀತಿ ಹೇಳ್ತಿದೀವಿ. ಸರಿ ಅಂತ ಅದನ್ನ ತಿದ್ದಿದ್ರೆ ಮಾರನೇ ದಿನ "ದಿ ಮ್ಯಾಂಗೋ ಟೇಸ್ಟ್ಸ್ ನೈಸ್‌ಲಿ" ಅಂತ ಬರ್ಕೊಂಡು ಬರ್ತಾರೆ, ಅದು ತಪ್ಪು, ಅಲ್ಲಿ ನೈಸೇ ಸರಿ, ಮಾವಿನಹಣ್ಣು ಏನನ್ನೂ ಮಾಡ್ತಿಲ್ಲ, ಅದರ ಗುಣ ಹೇಳ್ತಿದೀವಿ ಅಷ್ಟೇ. ಸ್ಮೆಲ್ಸ್, ಲುಕ್ಸ್, ಫೀಲ್ಸ್ ಇವಕ್ಕೂ ಹಾಗೇ. ನಮ್ಮ ಮಕ್ಕಳಿಗೆ ಇದು ಯಾಕೆ ಕಷ್ಟ ಅಂದ್ರೆ ಕನ್ನಡದಲ್ಲಿ ಹಣ್ಣು ಚೆನ್ನಾಗಿದೆ ಅಂತೀವಿ, ಅವಳು ಚೆನ್ನಾಗಿ ಹಾಡ್ತಾಳೆ ಅಂತೀವಿ, ಎರಡು ಕಡೆನೂ ಚೆನ್ನಾಗಿ ಒಂದೇ. ಇಂಗ್ಲಿಷಲ್ಲಿ ಅಲ್ಲಿ ಎರಡು ಬೇರೆ ಬೇರೆ ಪದ. ಮಕ್ಕಳಿಗೆ ಮೊದಲು ಈ ಚೆನ್ನಾಗಿಯನ್ನ ತೋರಿಸಿ, ಆಮೇಲೆ ಗ್ರಾಮರ್ ಹೇಳಿ, ಬೇಗ ಹತ್ತತ್ತೆ.

ಮೊದಲ ಸಲ ಭೇಟಿ ಆದಾಗ "ನೈಸ್ ಟು ಮೀಟ್ ಯೂ", ಹೊರಡುವಾಗ "ನೈಸ್ ಮೀಟಿಂಗ್ ಯೂ". ಅದಲು ಬದಲಾದ್ರೆ ಆಕಾಶ ಏನು ಬೀಳಲ್ಲ, ಆದ್ರೆ ಇಂಟರ್ವ್ಯೂಗೆ ಒಳಗೆ ಹೋಗ್ತಾನೇ ಎರಡನೇದು ಅಂದ್ರೆ ಬಂದ ಹಾಗೇ ಎದ್ದು ಹೊರಟ ಹಾಗೆ ಇರತ್ತೆ. ಯಾರಾದ್ರೂ ಸಹಾಯ ಮಾಡಿದ್ರೆ "ಇಟ್ ವಾಸ್ ನೈಸ್ ಆಫ್ ಯೂ", ಇಲ್ಲಿ ಆಫ್ ಬದಲು ಫಾರ್ ಹಾಕಿದ್ರೆ ನಿನಗೆ ಒಳ್ಳೇದಾಯ್ತು ಬಿಡು ಅನ್ನೋ ಅರ್ಥ ಬಂದುಬಿಡತ್ತೆ. ಹೆಚ್ಚು ಕಡಿಮೆ ಹೇಳೋಕ್ಕೆ ನೈಸರ್, ನೈಸೆಸ್ಟ್ ಅನ್ನಿ, ಮೋರ್ ನೈಸ್ ಅನ್ನೋದು ಬೇಡ. ಎರಡು ಮೂರು ಗುಣವಾಚಕ ಒಟ್ಟಿಗೆ ಬಂದ್ರೆ ನಮ್ಮ ಅಭಿಪ್ರಾಯ ಹೇಳೋದು ಮೊದಲು, ಅಳತೆ ಬಣ್ಣ ಆಮೇಲೆ, ಅಂದ್ರೆ ನೈಸ್ ಲಿಟಲ್ ಹೌಸ್, ಲಿಟಲ್ ನೈಸ್ ಹೌಸ್ ಅಲ್ಲ.

ಮಕ್ಕಳು ಖುಷಿ ಪಡೋ ಒಂದು ಬಳಕೆ ಇದೆ. "ದಿ ಕಾಫಿ ಈಸ್ ನೈಸ್ ಅಂಡ್ ಹಾಟ್" ಅಂದ್ರೆ ಕಾಫಿ ಚೆನ್ನಾಗೂ ಇದೆ ಬಿಸಿಯಾಗೂ ಇದೆ ಅಂತ ಎರಡು ಮಾತಲ್ಲ, ಒಳ್ಳೆ ಬಿಸಿಯಾಗಿದೆ ಅಂತ ಒಂದೇ ಮಾತು. ನಮ್ಮ ಒಳ್ಳೆ ಇಲ್ಲಿ ಹೇಗೆ ಕೂರತ್ತೆ ನೋಡಿ. ವ್ಯಂಗ್ಯದಲ್ಲೂ ಅಷ್ಟೇ, ಹಾಲು ಚೆಲ್ಲಿದವನಿಗೆ ಅವರು "ನೈಸ್ ವರ್ಕ್" ಅಂತಾರೆ, ನಾವು "ಒಳ್ಳೆ ಕೆಲ್ಸ ಮಾಡ್ದೆ ಬಿಡು" ಅಂತೀವಿ. ಇನ್ನು ಇಂಗ್ಲಿಷಿನವರು ಯಾವುದನ್ನಾದ್ರೂ "ನಾಟ್ ವೆರಿ ನೈಸ್" ಅಂದ್ರೆ ಅಷ್ಟೇನೂ ಚೆನ್ನಾಗಿಲ್ಲ ಅಂತ ತಗೋಬೇಡಿ, ಕೆಟ್ಟದಾಗಿದೆ ಅಂತಾನೇ ಅರ್ಥ, ಬಾಯಿಬಿಟ್ಟು ಹೇಳೋಕ್ಕೆ ಸಂಕೋಚ.

ಹಳೇ ಸೂಕ್ಷ್ಮ ಅನ್ನೋ ಅರ್ಥ ಪೂರ್ತಿ ಸತ್ತಿಲ್ಲ. ಎ ನೈಸ್ ಡಿಸ್ಟಿಂಕ್ಷನ್, ಎ ನೈಸ್ ಪಾಯಿಂಟ್ ಆಫ್ ಲಾ ಅಂತ ವಕೀಲರ ಬರಹದಲ್ಲಿ ಬರತ್ತೆ, ಅಲ್ಲಿ ಅದು ಚೆಂದದ ಪಾಯಿಂಟ್ ಅಲ್ಲ, ಕೂದಲು ಸೀಳೋ ಅಂಥ ಪಾಯಿಂಟ್. ನೈಸಿಟಿ ಅಂತ ಒಂದು ನಾಮಪದ ಇದೆ, ನೈ, ಸಿ, ಟಿ ಅಂತ ಮೂರು ತುಂಡಾಗಿ ಉಚ್ಚರಿಸಬೇಕು, ಅದೂ ಈ ಸೂಕ್ಷ್ಮದ ಅರ್ಥವನ್ನ ಜೋಪಾನ ಮಾಡಿ ಇಟ್ಕೊಂಡಿದೆ.

ಪ್ರಬಂಧದಲ್ಲಿ ನೈಸ್ ಬಂದಲ್ಲೆಲ್ಲ ಹೊಡೆದುಹಾಕಿ ಅಂತ ಕೆಲವು ಟೀಚರುಗಳು ಹೇಳ್ತಾರೆ, ನನಗದು ಅತಿ ಅನ್ನಿಸತ್ತೆ. ನಾನು ಮಾಡ್ತಿದ್ದದ್ದು ಬೇರೆ. ಒಂದು ಹುಡುಗಿ "ಜೋಗ್ ಫಾಲ್ಸ್ ವಾಸ್ ವೆರಿ ನೈಸ್" ಅಂತ ಬರೆದಿದ್ಲು, ಏನು ನೈಸಮ್ಮಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಮಂಜು ಮುಚ್ಚಿತ್ತು ಮೇಡಂ, ಏನೂ ಕಾಣಿಸ್ತಿರಲಿಲ್ಲ, ಸದ್ದು ಮಾತ್ರ ಕೇಳ್ತಿತ್ತು, ಆಮೇಲೆ ಒಂದು ನಿಮಿಷ ಮಂಜು ಸರೀತು" ಅಂದ್ಲು. ಅದನ್ನೇ ಬರಿ ಅಂದೆ. ಬರೆದಮೇಲೆ ನೈಸ್ ಅವಳೇ ಹೊಡೆದುಹಾಕಿದ್ಲು.

ಪ್ರಶ್ನೆ: ಬೆಂಗಳೂರಿನ ನೈಸ್ ರೋಡಿಗೆ ಆ ಹೆಸರು ರಸ್ತೆ ನೈಸಾಗಿದೆ ಅಂತ ಬಂದಿದ್ದಾ? ಇನ್ನೊಂದು, ನಾವು ಕೆಲಸ ಮಾಡೋ ಲಿನಕ್ಸ್ ಅನ್ನೋ ಕಂಪ್ಯೂಟರ್ ಸಿಸ್ಟಂನಲ್ಲೂ ನೈಸ್ ಅಂತ ಒಂದು ಕಮಾಂಡ್ ಇದೆ, ಅದು ಯಾವ ನೈಸ್? (ಬೆಂಗಳೂರಿನ ಸಾಫ್ಟ್‌ವೇರ್ ಓದುಗರು)

ಉತ್ತರ: ರಸ್ತೇದು ಕಂಪನಿಯ ಹೆಸರಿನ ಮೊದಲಕ್ಷರಗಳು, ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸ್. ನಮ್ಮ ಪಕ್ಕದ ಮನೆಯವರು ಬಹಳ ವರ್ಷ ನೀವಂದ್ಕೊಂಡ ಹಾಗೇ ಅಂದ್ಕೊಂಡಿದ್ರು, ಗುಂಡಿ ಇಲ್ಲ ಅದಕ್ಕೇ ನೈಸ್ ರೋಡು ಅಂತ. ಕನ್ನಡದ ಅರ್ಥಕ್ಕೆ ಅದು ಎಷ್ಟು ಸರಿಯಾಗಿ ಹೊಂದತ್ತೆ ಅಂದ್ರೆ ನಾನು ತಿದ್ದಲೇ ಇಲ್ಲ.

ಕಮಾಂಡ್ ವಿಷಯ ನನಗೆ ಗೊತ್ತಿರಲಿಲ್ಲ, ಮಗನ್ನ ಕೇಳಿದೆ, ನಿಮ್ಮ ಫೀಲ್ಡಿನವನೇ. ಅವನು ಹೇಳಿದ್ದು ಇಷ್ಟು. ಕಂಪ್ಯೂಟರಲ್ಲಿ ಒಂದೇ ಸಲ ಹತ್ತಾರು ಕೆಲಸ ನಡೀತಿರತ್ತೆ, ಒಂದೊಂದು ಕೆಲಸಕ್ಕೂ ಒಂದು ನೈಸ್ ನಂಬರ್ ಇರತ್ತೆ, ಮೈನಸ್ 20ರಿಂದ 19ರವರೆಗೆ. ನಂಬರ್ ಜಾಸ್ತಿ ಆದಷ್ಟೂ ಆ ಕೆಲಸ ಬೇರೆಯವಕ್ಕೆ ದಾರಿ ಬಿಟ್ಟುಕೊಡತ್ತೆ, ನೀವು ಮುಂದೆ ಹೋಗಿ ನಾನು ಆಮೇಲೆ ಬರ್ತೀನಿ ಅಂತ. ಹಾಗಾಗಿ ಅದು ಅಪ್ಪಟ ಇಂಗ್ಲಿಷ್ ನೈಸು, 19ನೇ ಶತಮಾನದ್ದು, ಸರದಿ ತಪ್ಪಿಸೋ ನಮ್ಮ ಗಿರಣಿ ನೈಸಿಗೆ ಪೂರ್ತಿ ಉಲ್ಟಾ. ಇನ್ನೊಂದು ಮಾತೂ ಹೇಳಿದ. ಸಾಮಾನ್ಯ ಬಳಕೆದಾರರು ತಮ್ಮ ಕೆಲಸದ ನೈಸ್ ನಂಬರ್ ಏರಿಸಬಹುದಂತೆ, ಆದ್ರೆ ಒಂದು ಸಲ ಏರಿಸಿದ್ದನ್ನ ಮತ್ತೆ ಇಳಿಸಬೇಕು ಅಂದ್ರೆ ಅವರ ಕೈಲಾಗಲ್ಲ, ಅದಕ್ಕೆ ರೂಟ್ ಪರ್ಮಿಷನ್, ಅಂದ್ರೆ ಇಡೀ ಸಿಸ್ಟಂನ ಯಜಮಾನರ ಅಪ್ಪಣೆ, ಬೇಕಂತೆ. ಇದನ್ನ ಹೇಳಿ ಅವನು ಅಡುಗೆಮನೆ ಕಡೆ ನೋಡಿದ, ಅವನ ಹೆಂಡತಿ ಅಲ್ಲಿಂದಾನೇ "ಕೇಳಿಸ್ತು" ಅಂದ್ಲು.